ಗೋಡೆಗೆ ತಾರೀಖು ಗೊತ್ತಿಲ್ಲ

ಬಾಗಿಲು ತೆರೆದು ಒಳಗೆ ಬಂದ ಲಿನೆಟ್ ಅಲ್ಲೇ ನಿಂತುಬಿಟ್ಟಳು.

ಮುಂದಿನ ಕೋಣೆಯಲ್ಲಿ ಯಾರೋ ಒಬ್ಬ ಗಂಡಸು ಗೋಡೆಗೆ ಕೆನ್ನೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದ. ಮೈಮೇಲೆಲ್ಲ ಗಾರೆಯ ಕಲೆ, ನಮ್ಮ ಕಡೆಯ ಗಾರೆಯ ಗುಲಾಬಿ ಬಣ್ಣದ್ದು. ತನ್ನ ಮನೆಯ ಗೋಡೆಯ ಗುಟ್ಟನ್ನು ಇವನ್ಯಾರೋ ಕೇಳಿಸಿಕೊಳ್ಳುತ್ತಿದ್ದಾನಲ್ಲ ಎಂದು ಅವಳ ಎದೆ ಧಸಕ್ಕೆಂದಿತು.

"ಯಾರು ನೀವು? ಒಳಗೆ ಹೇಗೆ ಬಂದ್ರಿ?"

ಅವನು ನಿಧಾನವಾಗಿ ಕಣ್ಣು ತೆರೆದ. ಗಾಬರಿಯೇನೂ ಕಾಣಲಿಲ್ಲ. "ಗೋಡೆ ಮುಟ್ಬೇಡಿ," ಎಂದ. "ಇನ್ನೂ ಹಸಿ ಇದೆ."

ಮುಟ್ಟುವ ಯೋಚನೆಯೇ ಅವಳಿಗಿರಲಿಲ್ಲ. ಆದರೆ ತನ್ನ ಮನೆಯಲ್ಲೇ ತನಗೆ ಬೇಡ ಎಂದರೆ ಯಾರಿಗೆ ತಾನೇ ಮುಟ್ಟಬೇಕೆನಿಸುವುದಿಲ್ಲ? ಬಸ್ ಕಂಪನಿಯ ಸಮವಸ್ತ್ರದಲ್ಲೇ ಹೋಗಿ ಒಂದು ಬೆರಳಿಟ್ಟಳು. ತಣ್ಣಗಿತ್ತು. ಬೆರಳಿನ ಗುರುತು ಅಲ್ಲೇ ಉಳಿಯಿತು.

ಅವನು ಕರಣೆ ತೆಗೆದು ಆ ಗುರುತನ್ನು ಒಮ್ಮೆ ಸವರಿ ಅಳಿಸಿದ. ತನ್ನ ಹೆಸರು ವಾರೆನ್ ಎಂದೂ, ಅವಳ ಅಣ್ಣ ಕೀತ್ ಕೀಲಿಕೈ ಕೊಟ್ಟಿದ್ದಾನೆಂದೂ, ಇನ್ನು ನಾಲ್ಕು ವಾರ ಈ ಗೋಡೆಗೆ ಮೊಳೆ, ಸ್ಕ್ರೂ, ಬಣ್ಣ ಏನನ್ನೂ ತೋರಿಸಬಾರದೆಂದೂ ತಿಳಿಸಿದ.

"ನಾಲ್ಕು ವಾರಾನಾ?" ಲಿನೆಟ್‌ಳ ಧ್ವನಿ ಬಿದ್ದುಹೋಯಿತು. "ಇಪ್ಪತ್ತೈದಕ್ಕೆ ಕಂಬಿ ಹಾಕಿರ್ಲೇಬೇಕು!"

"ಗೋಡೆಗೆ ತಾರೀಖು ಗೊತ್ತಿಲ್ಲ ಕಣ್ರೀ."

ಅಂದು ಅಕ್ಟೋಬರ್ ಒಂದು.

ಲಿನೆಟ್‌ಳ ಅಮ್ಮ ಡೋರೀನ್ ಆಗಸ್ಟ್‌ನಲ್ಲಿ ಮೆಟ್ಟಿಲ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಸ್ಪತ್ರೆಯವರು ಸೊಂಟ ಸರಿಮಾಡಿದರು, ಮತ್ತೆ ನಡೆಯುವುದನ್ನು ಕಲಿಸಿದರು. ಮೆಟ್ಟಿಲು ಹತ್ತುವುದು ಮಾತ್ರ ಇನ್ನು ಆಗದು. ಅದಕ್ಕೇ ಕೆಳಗಿನ ಮುಂದಿನ ಕೋಣೆಯನ್ನು ಅವಳ ಮಲಗುವ ಕೋಣೆ ಮಾಡಬೇಕಿತ್ತು. ತೇವ ಹಿಡಿದ ಹಳೇ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕಿತ್ತು, ಹೊಸದು ಮೆತ್ತಿದ್ದಾಯಿತು. ಇನ್ನು ಹಾಸಿಗೆಯ ಪಕ್ಕ ಹಿಡಿದು ಏಳಲು ಒಂದು ಕಂಬಿ ಬೇಕು. ಇಪ್ಪತ್ತೈದನೇ ತಾರೀಖು ಶುಕ್ರವಾರ ನಗರಸಭೆಯ ಕೌನ್ಸಿಲ್‌ನಿಂದ ಒಬ್ಬ ಹೆಂಗಸು ಬಂದು ಕಂಬಿಯನ್ನು ಎಳೆದು ನೋಡುತ್ತಾಳೆ. ಗಟ್ಟಿಯಿದ್ದರೆ ಡೋರೀನ್ ಮನೆಗೆ. ಇಲ್ಲದಿದ್ದರೆ ವೃದ್ಧಾಶ್ರಮಕ್ಕೆ. ಅಲ್ಲಿನ ಕೋಣೆಯನ್ನು ಅದೇ ಶುಕ್ರವಾರದವರೆಗೆ ಹಿಡಿದಿಟ್ಟಿದ್ದರು. ಅಲ್ಲಿಗೆ ಹೋದ ನಮ್ಮ ಬೀದಿಯ ಮೂವರಲ್ಲಿ ಒಬ್ಬರೂ ತಿರುಗಿ ಬಂದಿಲ್ಲ.

ಡೋರೀನ್ ಬಾಯಿಬಿಟ್ಟು ಬೇಡಿಕೊಳ್ಳುವ ಹೆಂಗಸಲ್ಲ. ಹೋದ ಭಾನುವಾರ ಮಗಳ ತೋಳು ಹಿಡಿದು ಒಂದೇ ಮಾತು ಹೇಳಿದ್ದಳು. "ನನ್ನ ಅಲ್ಲಿಗೆ ಹಾಕ್ಬೇಡ ಕಣೇ."

ಆ ಮಾತು ಲಿನೆಟ್‌ಳ ನಿದ್ದೆ ಕೆಡಿಸಿತ್ತು.

ಇನ್ನು ಅಣ್ಣ ಕೀತ್. ಆಗಸ್ಟ್ ಮುಗಿಯುವ ಮೊದಲೇ, ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುವ ಕಡೆ ಬಿಟ್ಟು ಮನೆ ಮಾರಿಬಿಡೋಣ ಎಂದವನು ಅವನು. ಆಮೇಲೆ ಇದ್ದಕ್ಕಿದ್ದಂತೆ ತಾನೇ ಗಾರೆಯವನನ್ನು ಗೊತ್ತುಮಾಡಿ, ಅವಳಿಗೆ ದಿನವನ್ನೂ ಹೇಳದೆ ಕಳಿಸಿಬಿಟ್ಟ. ಯಾಕೆ? ಹೊಸ ಗಾರೆಯ ಮನೆಗೆ ಒಳ್ಳೇ ಬೆಲೆ ಬರುತ್ತದೆ, ಅದಕ್ಕೆ. ಅವನು ಕಳಿಸಿದ ಮನುಷ್ಯ ನಾಲ್ಕು ವಾರ ಅನ್ನುತ್ತಾನೆ. ಕೌನ್ಸಿಲ್‌ನವಳು ಬರುವುದು ಮೂರೂವರೆ ವಾರಕ್ಕೆ. ಲಿನೆಟ್ ಎರಡಕ್ಕೆ ಎರಡು ಸೇರಿಸಿ ಐದು ಮಾಡಿದಳು: ಇಬ್ಬರೂ ಸೇರಿ ಬೇಕೆಂದೇ ತಡಮಾಡುತ್ತಿದ್ದಾರೆ.

ಅನುಮಾನಕ್ಕೆ ಮದ್ದಿಲ್ಲ ಎನ್ನುತ್ತಾರೆ. ಅವಳಿಗೆ ಅದು ಅಂಟಿದ್ದಕ್ಕೂ ಕಾರಣವಿತ್ತು. ಇಯನ್ ಎಂಬವನು ಅವಳ ಬೆರಳಿಗೆ ನಿಶ್ಚಿತಾರ್ಥದ ಉಂಗುರ ತೊಡಿಸಿ, ಎಂಟು ವರ್ಷ ಮುಂದಿನ ವಸಂತಕ್ಕೆ ಮದುವೆ, ಮುಂದಿನ ವಸಂತಕ್ಕೆ ಮದುವೆ ಎನ್ನುತ್ತಲೇ ಇದ್ದು, ಒಂದು ವಸಂತದಲ್ಲಿ ಬೇರೆಯವಳನ್ನು ಕಟ್ಟಿಕೊಂಡಿದ್ದ. ಅಂದಿನಿಂದ 'ಸ್ವಲ್ಪ ಕಾಯಿ' ಎನ್ನುವ ಗಂಡಸು ಅವಳ ಪಾಲಿಗೆ ಕಳ್ಳನೇ.

ವಾರೆನ್ ದಿನ ಬಿಟ್ಟು ದಿನ ಬರತೊಡಗಿದ. ಬಂದವನು ಗೋಡೆಗೆ ಕೈಯ ಹಿಂಬದಿ ಇಟ್ಟು ನೋಡುವನು, ಕೆನ್ನೆ ಇಟ್ಟು ನೋಡುವನು. ಆಮೇಲೆ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಏನೋ ಅಂಕುಡೊಂಕು ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕದಾಗಿ ಅಂಕಿ ಬರೆಯುವನು.

ಏನಿದು ಅಂಕಿ? ಕೇಳಿದರೆ, "ಗುರುತು ಅಷ್ಟೇ," ಎಂದ.

ಮನೆ ಅಳತೆ ಮಾಡಿ ಯಾರಿಗೋ ಒಪ್ಪಿಸ್ತಿದ್ದಾನೆ... ಲಿನೆಟ್ ಮನಸ್ಸಿನಲ್ಲೇ ತೀರ್ಮಾನಿಸಿದಳು.

ಹೋಗುವಾಗ ಅವನು ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಿಟ್ಟು ಹೋಗುತ್ತಿದ್ದ. ಹೊರಗೆ ನಮ್ಮೂರು ರಾಚ್‌ಡೇಲ್‌ನ ಅಕ್ಟೋಬರ್, ಅಂದರೆ ಒಂದು ದಿನ ಮಳೆ, ಮರುದಿನ ಇನ್ನೂ ಜೋರು ಮಳೆ. ಇಂಥ ಹವೆಯಲ್ಲಿ ಕಿಟಕಿ ತೆರೆದಿಡುವವನು ಗೋಡೆ ಒಣಗಲಿ ಅಂತಲೋ, ಒಣಗದಿರಲಿ ಅಂತಲೋ?

ಎರಡನೇ ವಾರ ಅವಳು ಅವನಿಗೆ ಚಹಾ ಕೊಡುವುದನ್ನು ನಿಲ್ಲಿಸಿದಳು.

ಬೇರೆ ಊರಿನವರಿಗೆ ಇದು ಸಣ್ಣ ಮಾತೆನಿಸಬಹುದು. ನಮ್ಮಲ್ಲಿ ಮನೆಗೆ ಬಂದ ಕೆಲಸದವನಿಗೆ, ಅವನು ಎಷ್ಟೇ ಕೆಟ್ಟವನಿರಲಿ, ಬಂದ ಐದು ನಿಮಿಷಕ್ಕೆ ಹಾಲು ಹಾಕಿದ ಚಹಾ ಕೈಗೆ ಬರಬೇಕು. ಕೊಡಲಿಲ್ಲವೆಂದರೆ ಮುಖಕ್ಕೇ ಬಾಗಿಲು ಹಾಕಿದಂತೆ. ವಾರೆನ್ ಖಾಲಿ ಕೈ ನೋಡಿಕೊಂಡ, ಅಡುಗೆಮನೆಯತ್ತ ನೋಡಿದ, ಕೆಲಸ ಮುಗಿಸಿಕೊಂಡು ಹೋದ.

ಅವನು ಹೋದ ಮೇಲೆ ಅವಳು ತನಗೆಂದು ಮಾಡಿಕೊಂಡ ಚಹಾವನ್ನೂ ಕುಡಿಯದೆ ಚೆಲ್ಲಿದಳು. ಯಾಕಂದರೆ... ಓದುಗರಿಂದ ಮುಚ್ಚಿಡುವುದೇನು? ಅವನು ಬರುವ ದಿನ ಅವಳು ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚು ನಿಲ್ಲುತ್ತಿದ್ದಳು. ಒಮ್ಮೆ ಮಳೆಯಲ್ಲಿ ನೆಂದ ಬೂಟನ್ನು ಬಾಗಿಲಲ್ಲೇ ಬಿಟ್ಟು ಮೇಲೆ ಹೋಗಿದ್ದಳು. ಇಳಿದು ಬಂದರೆ, ಒಳಗೆ ಹಳೇ ಪೇಪರ್ ತುರುಕಿ ನೀಟಾಗಿ ಪಕ್ಕಕ್ಕಿಟ್ಟಿದ್ದ. ಅವಳಿಗೆ ಕಣ್ಣು ತುಂಬಿತು, ಮರುಕ್ಷಣವೇ ಸಿಟ್ಟೂ ಬಂತು. ಗಾರೆಯವನಿಗೆ ನನ್ನ ಬೂಟಿನ ಉಸಾಬರಿ ಯಾಕೆ? ಏನೋ ಮುಚ್ಚಿಡ್ತಿರೋನೇ ಹೀಗೆ ಬೆಣ್ಣೆ ಹಚ್ಚೋದು.

ಹದಿನಾಲ್ಕನೇ ತಾರೀಖು ಕೆಲಸಕ್ಕೆ ಹೊರಡುವ ಮುನ್ನ ಅವಳು ಕಿಟಕಿ ಮುಚ್ಚಿ, ಗೋಡೆಗೆ ಒತ್ತಿ ಹೀಟರ್ ಇಟ್ಟು, ಪೂರ್ತಿ ಉರಿಗೆ ತಿರುಗಿಸಿ ಹೋದಳು. ಸಂಜೆ ಬಂದು ನೋಡಿದರೆ ಹೀಟರ್‌ನ ಎದುರು ಗಾರೆ ಸುಟ್ಟ ಹಪ್ಪಳದಂತೆ ಬಿರುಕು ಬಿಟ್ಟಿತ್ತು.

ಮರುದಿನ ವಾರೆನ್ ಬಿರುಕು ನೋಡಿದ, ಮುಚ್ಚಿದ ಕಿಟಕಿ ನೋಡಿದ, ಹೀಟರ್ ನೋಡಿದ. ಬೈಯಲಿಲ್ಲ. ಮಂಡಿಯೂರಿ ಕುಳಿತು ಬಿರುಕುಗಳನ್ನು ತುಂಬುತ್ತಾ, ಬಿಸಿ ಕೊಟ್ಟರೆ ಮೇಲ್ಮೈ ಮಾತ್ರ ಒಣಗುತ್ತದೆ, ಒಳಗಿನ ನೀರು ಸಿಕ್ಕಿಬೀಳುತ್ತದೆ, ನೀರು ಹೋಗಲು ಗಾಳಿ ಬೇಕು ಎಂದು ಮೆಲ್ಲಗೆ ವಿವರಿಸಿದ.

ತಪ್ಪು ತನ್ನದೆಂದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದಕ್ಕೇ ನಾಲಿಗೆ ಇನ್ನಷ್ಟು ಹರಿತವಾಯಿತು.

"ಎಷ್ಟು ದಿನ ಎಳೀಬೇಕು ಅಂತ ಕೀತ್ ಹೇಳಿದಾನೆ ನಿಮಗೆ?"

ವಾರೆನ್‌ನ ಕೈ ಅರೆಕ್ಷಣ ನಿಂತಿತು. ಆ ಅರೆಕ್ಷಣವನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಕ್ಕೇ ಅಲ್ಲವೇ?

"ಯಾರು ಹೇಳಿದ್ರೂ ಗೋಡೆ ಒಣಗೋ ಹೊತ್ತಿಗೇ ಒಣಗೋದು," ಎಂದಷ್ಟೇ ಹೇಳಿ ಎದ್ದುಹೋದ.

ಶುಕ್ರವಾರ ಹದಿನೆಂಟು. ಮಾರುಕಟ್ಟೆಯ ಎದುರಿನ ನಿಲ್ದಾಣದಲ್ಲಿ ಲಿನೆಟ್ ಬಸ್ ನಿಲ್ಲಿಸಿದ್ದಳು. ಜನ ಹತ್ತುತ್ತಿದ್ದರು. ರಸ್ತೆಯಾಚೆಯ ಹೋಟೆಲಿನ ಗಾಜಿನೊಳಗೆ ಕೀತ್ ಕಂಡ. ಅವನ ದಪ್ಪ ಬೆನ್ನು ಎಲ್ಲಿದ್ದರೂ ಗುರುತು ಸಿಗುತ್ತದೆ. ಎದುರಿಗೆ ವಾರೆನ್! ಇಬ್ಬರೂ ತಲೆ ಹತ್ತಿರ ತಂದು ಮಾತಾಡುತ್ತಿದ್ದರು. ಕೀತ್ ನಕ್ಕ. ಕೈ ಚಾಚಿದ. ವಾರೆನ್ ಆ ಕೈ ಹಿಡಿದು ಕುಲುಕಿದ.

ಲಿನೆಟ್‌ಗೆ ಸ್ಟಿಯರಿಂಗ್ ಬಿಟ್ಟು ಓಡಬೇಕೆನಿಸಿತು. ಆದರೆ ನಲವತ್ತು ಜನರ ಬಸ್ಸನ್ನು ನಡುರಸ್ತೆಯಲ್ಲಿ ಬಿಟ್ಟು ಓಡುವುದು ಹೇಗೆ? ಹಿಂದಿನಿಂದ ಯಾರೋ, ಹೊರಡ್ತೀಯೋ ಇಲ್ಲೇ ಬಿಡಾರ ಹೂಡ್ತೀಯೋ ತಾಯಿ ಎಂದು ಕೂಗಿದರು. ಅವಳು ಗೇರ್ ಹಾಕಿದಳು. ಮುಂದಿನ ಮೂರು ನಿಲ್ದಾಣ ಅವಳಿಗೆ ಕಣ್ಣೀರಿನ ನಡುವೆಯೇ ಕಂಡವು.

ಅಂದು ಸಂಜೆ ವಾರೆನ್ ಬಂದಾಗ ಅವಳು ಬಾಗಿಲಲ್ಲೇ ಅಡ್ಡ ನಿಂತಳು.

"ಕೀಲಿಕೈ ಕೊಡಿ."

"ಇನ್ನು ನಾಲ್ಕೈದು ದಿನ..."

"ಗೊತ್ತು. ನಾಲ್ಕೈದು ದಿನ, ನಾಲ್ಕೈದು ದಿನ ಅಂತ ಎಳೀತಾ ಹೋದ್ರೆ ಶುಕ್ರವಾರ ದಾಟತ್ತೆ, ಅಮ್ಮ ಅಲ್ಲಿಗೆ ಹೋಗ್ತಾಳೆ, ಮನೆ ಮಾರಾಟ ಆಗತ್ತೆ. ಹೋಟ್ಲಲ್ಲಿ ಕೈ ಕುಲುಕಿದ್ದು ನೋಡಿದೆ."

ಅವನ ಮುಖ ಬಿಳಿಚಿತು. ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟ. "ಬಲಗಡೆ ಮೂಲೆಗೆ ಮಾತ್ರ ಡ್ರಿಲ್ ಇಡ್ಬೇಡಿ," ಎಂದ. ಆಮೇಲೆ ಮಳೆಯಲ್ಲೇ ನಡೆದುಹೋದ.

ಅವನು ಬೇಡವೆಂದ ಜಾಗದಲ್ಲೇ ಏನೋ ಇದೆ ಎಂದು ಲಿನೆಟ್‌ಗೆ ಅನಿಸದಿದ್ದರೆ ಅವಳು ಲಿನೆಟ್ ಹೇಗಾದಾಳು?

ಶನಿವಾರ ಪಕ್ಕದ ಮನೆಯಿಂದ ಡ್ರಿಲ್ ಮೆಷಿನ್ ಕೇಳಿ ತಂದು, ಬಲಮೂಲೆಗೇ ಇಟ್ಟಳು. ಪುಡಿ ಬರಲಿಲ್ಲ. ಗಟ್ಟಿ ಮೊಸರಿನಂಥ ಮುದ್ದೆ ಬಂತು. ಆದರೂ ಬಿಡದೆ ನಾಲ್ಕು ತೂತು ಕೊರೆದು, ಕಂಬಿ ಇಟ್ಟು, ಸ್ಕ್ರೂ ಬಿಗಿದಳು. ಅಮ್ಮ ಹಿಡಿಯುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಭಾರ ಬಿಟ್ಟಳು.

ಕಂಬಿ ಕೈಗೇ ಬಂತು. ಜೊತೆಗೆ ತಟ್ಟೆಯಗಲದ ಗಾರೆ ನೆಲಕ್ಕೆ ಬಿತ್ತು. ಅವಳೂ ಬಿದ್ದಳು.

ನೆಲದ ಮೇಲೆ ಕೂತೇ ಅತ್ತಳು. ಅಮ್ಮ ಹಿಡಿದಾಗ ಹೀಗಾಗಿದ್ದರೆ? ಇನ್ನು ಆರು ದಿನದಲ್ಲಿ ಏನು ಮಾಡಲಿ? ನಾನೇ ನನ್ನ ಕೈಯಾರೆ ಅಮ್ಮನನ್ನು ಅಲ್ಲಿಗೆ ಕಳಿಸಿದೆನಲ್ಲ...

ಅತ್ತು ಅತ್ತು ತಲೆ ಎತ್ತಿದಾಗ ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಳು ಕಂಡವು. ಮೊದಲ ಸಲ ಅವನ್ನು ಹತ್ತಿರದಿಂದ ಓದಿದಳು. ಎಲ್ಲಕ್ಕಿಂತ ದೊಡ್ಡ ಗೆರೆ ಗೋಡೆಯ ಮುಕ್ಕಾಲು ಭಾಗವನ್ನು ಸುತ್ತುವರಿದಿತ್ತು. ಅದರ ಪಕ್ಕ '3 ಅಕ್ಟೋಬರ್'. ಅದರೊಳಗೆ ಇನ್ನೊಂದು, '5'. ಮತ್ತೊಂದು, '7'. ಒಂದರೊಳಗೊಂದು ಚಿಕ್ಕದಾಗುತ್ತಾ ಬಂದ ಸುತ್ತುಗಳು. ಕಡೆಯದು ಎರಡು ಅಂಗೈಯಗಲದ್ದು, '17'. ಅದರೊಳಗೆ, ಕಿತ್ತುಬಂದ ತೂತಿನ ಸುತ್ತ ಮಾತ್ರ ಉಳಿದ ಗಾರೆ ಕಪ್ಪಾಗಿತ್ತು. ಮಿಕ್ಕಿದ್ದೆಲ್ಲ ತಿಳಿ ಗುಲಾಬಿ, ಮುಟ್ಟಿದರೆ ಬೆಚ್ಚಗೆ, ಒಣ.

ತೇವ ಎಷ್ಟು ಹಿಂದೆ ಸರಿಯಿತೆಂದು ಅವನು ಗುರುತು ಹಾಕುತ್ತಾ ಬಂದಿದ್ದ. ಗೋಡೆಯಲ್ಲಿ ಉಳಿದಿದ್ದ ಒಂದೇ ಒಂದು ಹಸಿ ಜಾಗವನ್ನು ಹುಡುಕಿ ಅವಳು ಡ್ರಿಲ್ ಇಟ್ಟಿದ್ದಳು!

ಎದ್ದು ಕೀತ್‌ಗೆ ಫೋನ್ ಮಾಡಿದಳು. ವಾರೆನ್‌ಗೆ ಏನು ಹೇಳಿದ್ದೆ, ಸತ್ಯ ಹೇಳು ಎಂದಳು.

ಕೀತ್ ಮೊದಲು ಅದೂ ಇದೂ ಎಂದ. ಕಡೆಗೆ ಬಾಯಿಬಿಟ್ಟ. "ಕೇಳಿದ್ದು ಹೌದು ಕಣೇ. ಶುಕ್ರವಾರ ದಾಟೋವರೆಗೂ ಕಂಬಿ ಹಾಕ್ಬೇಡ ಅಂದೆ. ಅಮ್ಮ ಮತ್ತೆ ಬಿದ್ದು ಸಾಯ್ತಾಳೆ ಅಂತ ನಂಗೆ ಭಯ. ಅವನು ಒಪ್ಪಲಿಲ್ಲ. ಗೋಡೆ ಬೇಗ ಒಣಗ್ತಿದೆ, ಗುರುವಾರ ಕಂಬಿ ಹಾಕ್ತೀನಿ, ನೀನೇ ಬಂದು ಜೋತುಬೀಳು, ಕಿತ್ತು ಬಂದ್ರೆ ನಿನ್ನ ಮಾತು, ಬರದಿದ್ರೆ ಮನೆ ಮಾರೋ ಮಾತು ಎತ್ಬಾರ್ದು ಅಂದ. ನಾನು ನೂರ ಹದಿನೈದು ಕೇಜಿ ಇದೀನಿ, ಲಿನ್ನಿ! ಗೆದ್ದೆ ಅಂತ ನಕ್ಕು ಕೈ ಕುಲುಕಿದೆ."

ಲಿನೆಟ್ ಫೋನ್ ಇಟ್ಟಳು. ಅಣ್ಣನ ಮೇಲೆ ಪಟ್ಟ ಅನುಮಾನ ನಿಜವಾಗಿತ್ತು. ಆದರೆ ಅದರಿಂದ ಅವಳಿಗೆ ಒಂದಿಷ್ಟೂ ಸಮಾಧಾನವಾಗಲಿಲ್ಲ. ಮಳೆಯಲ್ಲಿ ನಡೆದುಹೋದ ಆ ಬೆನ್ನೇ ಕಣ್ಣ ಮುಂದೆ ನಿಂತಿತ್ತು.

ಸೋಮವಾರ ಪಾಳಿ ಮುಗಿದ ಕೂಡಲೇ ವಿಚಾರಿಸಿಕೊಂಡು ಹೊರಟಳು. ಬೆಟ್ಟದ ಮೇಲಿನ ಹಳೇ ಪ್ರಾರ್ಥನಾ ಮಂದಿರದಲ್ಲಿ ವಾರೆನ್ ಛಾವಣಿಗೆ ಗಾರೆ ಬಳಿಯುತ್ತಿದ್ದ. ಅಟ್ಟಣಿಗೆಯ ಮೇಲೆ, ಕೈ ಎತ್ತಿ, ಮುಖವೆಲ್ಲ ಹನಿ.

"ವಾರೆನ್, ನಾನು..."

"ಈಗಲ್ಲ," ಎಂದ ಕೆಳಗೆ ನೋಡದೆ. "ಗಾರೆ ಬಿಗೀತಿದೆ. ಇಪ್ಪತ್ತು ನಿಮಿಷ."

ಹಿಂದಿನ ಲಿನೆಟ್ ಆಗಿದ್ದರೆ ಇದಕ್ಕೂ ಒಂದು ಅರ್ಥ ಕಟ್ಟುತ್ತಿದ್ದಳು. ಈಗ ಬೆಂಚಿನ ಮೇಲೆ ಕೂತಳು. ಅವನ ಕರಣೆ ಉದ್ದಕ್ಕೂ ಸರಿಯುವುದನ್ನು ನೋಡಿದಳು. ನೀರು ಬೇಕೆಂದು ಅವನು ಕೈ ಕೆಳಗೆ ಚಾಚಿದಾಗ ಎದ್ದು ಬಕೆಟ್ ಎತ್ತಿಕೊಟ್ಟಳು. ಇಪ್ಪತ್ತು ನಿಮಿಷ ಇಷ್ಟು ಉದ್ದವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಅವನು ಇಳಿದು ಬಂದ.

"ಬಲಮೂಲೆಗೇ ಇಟ್ಟೆ," ಎಂದಳು ತಲೆ ತಗ್ಗಿಸಿ. "ಕಿತ್ಕೊಂಡು ಬಂತು. ನಿಮ್ಮನ್ನ ಕಳ್ಳನ ಥರ ಓಡಿಸಿದೆ. ತಪ್ಪಾಯ್ತು... ಕೀತ್ ಹೀಗೆ ಕೇಳಿದ ಅಂತ ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಅಣ್ಣ-ತಂಗಿ ಮಧ್ಯೆ ಕಡ್ಡಿ ಗೀರೋದು ನನ್ನ ಕೆಲಸ ಅಲ್ಲ."

"ನಾನು ಅಷ್ಟು ಮಾತಾಡ್ದಾಗಲೂ ಸುಮ್ನೆ ಹೋದ್ರಲ್ಲ."

ವಾರೆನ್ ಕೈ ಒರೆಸಿಕೊಂಡ. "ಅಮ್ಮನ್ನ ಉಳಿಸ್ಕೊಳ್ಳೋಕೆ ಹೋರಾಡ್ತಿದ್ರಿ. ಅಡ್ಡ ಯಾರು ಸಿಕ್ರೂ ಬೈತಿದ್ರಿ. ನಾನು ಸಿಕ್ಕಿದೆ ಅಷ್ಟೇ." ಆಮೇಲೆ ಹೇಳಿದ. "ನೋವಾಗಲಿಲ್ಲ ಅಂದ್ರೆ ಸುಳ್ಳಾಗತ್ತೆ."

ಅವಳು ಅಳಲಿಲ್ಲ. ಗಾರೆ ಮೆತ್ತಿದ ಆ ಕೈಯನ್ನು ಮೆಲ್ಲಗೆ ಹಿಡಿದಳು, ಬಿಟ್ಟಳು.

ಗುರುವಾರ ವಾರೆನ್ ಬಿದ್ದ ಗಾರೆಯ ತಂಟೆಗೇ ಹೋಗಲಿಲ್ಲ. ಹಾಸಿಗೆಯನ್ನು ಒಂದು ಮಾರು ಎಡಕ್ಕೆ ಸರಿಸಿ, ಒಣಗಿದ ಕಡೆ, ಇಟ್ಟಿಗೆಯೊಳಗೆ ಆಳಕ್ಕೆ ಕೊರೆದ. ಈ ಸಲ ಒಣ ಗುಲಾಬಿ ಪುಡಿ ಉದುರಿತು, ಅದರ ಹಿಂದೆ ಇಟ್ಟಿಗೆಯ ಕೆಂಪು ಪುಡಿ. ಕೀತ್ ಬಂದ. ಕೋಟು ಬಿಚ್ಚಿಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಮಂಡಿ ಮಡಿಸಿ ಜೋತುಬಿದ್ದ. ಕಂಬಿ ಕಿರ್ ಅನ್ನಲಿಲ್ಲ. ಅವನು ಇನ್ನೊಮ್ಮೆ ಜಗ್ಗಿದ, ಮುಖ ಕೆಂಪಾಯಿತು, ಉಸಿರು ಬಿಟ್ಟ. ಸೋತ ಮುಖದಲ್ಲಿ ಏನೋ ಹಗುರವೂ ಇತ್ತು. ಅಮ್ಮನಿಗೆ ಹೊಸ ಹೊದಿಕೆ ತಾನೇ ತರುವೆನೆಂದು ಹೇಳಿ, ತಂಗಿಯ ತಲೆ ಸವರಿ ಹೋದ.

ಶುಕ್ರವಾರ ಕೌನ್ಸಿಲ್‌ನವಳು ಎಳೆದು ನೋಡಿದಳು, ಕಾಗದಕ್ಕೆ ಸಹಿ ಹಾಕಿದಳು. ಸೋಮವಾರ ಮಧ್ಯಾಹ್ನ ಡೋರೀನ್ ಮನೆಗೆ ಬಂದಳು. ಹಾಸಿಗೆಯ ಅಂಚಿನಲ್ಲಿ ಕೂತು, ಕಂಬಿ ಹಿಡಿದು, ಯಾರ ಕೈಯನ್ನೂ ಮುಟ್ಟದೆ ಎದ್ದು ನಿಂತಳು. ಸುತ್ತ ನೋಡಿ, ಗೋಡೆಯ ತೂತು ಯಾವ ಮಹಾರಾಯ ಮಾಡಿದ್ದು ಎಂದು ಕೇಳಿದಳು. ಲಿನೆಟ್ ಕಿಟಕಿಯಾಚೆ ನೋಡಿದಳು.

ಸಂಜೆ ವಾರೆನ್ ಬಂದ. ಡೋರೀನ್ ನಿದ್ದೆಹೋಗಿದ್ದಳು. ಅವನು ಸದ್ದಿಲ್ಲದೆ ತೂತಿಗೆ ಹೊಸ ಗಾರೆ ತುಂಬಿ ನುಣುಪು ಮಾಡಿದ. ಇದು ಒಣಗಲು ಮೂರು ವಾರ, ಆಮೇಲೆ ನೀರು ಬೆರೆಸಿದ ತೆಳು ಬಣ್ಣ, ಅದರ ಮೇಲೆ ಗಟ್ಟಿ ಬಣ್ಣ ಎಂದು ಪಿಸುದನಿಯಲ್ಲಿ ಲೆಕ್ಕ ಒಪ್ಪಿಸಿದ.

ಲಿನೆಟ್ ಬಾಗಿಲಿಗೊರಗಿ ಅವನನ್ನೇ ನೋಡುತ್ತಿದ್ದಳು. ಹುಟ್ಟುಗುಣ ಹೋಗುತ್ತದೆಯೇ? ಅವಳ ಹುಬ್ಬು ಮತ್ತೆ ಗಂಟಿಕ್ಕಿತು.

"ಒಂದು ಮಾತು. ಮಂದಿರದವರನ್ನ ಕೇಳಿದೆ. ಅಲ್ಲಿನ ಛಾವಣಿ ಒಣಗಿತಾ ನೋಡೋಕೆ ವಾರಕ್ಕೆ ಒಂದೇ ಸಲ ಬರ್ತೀನಿ ಅಂದಿದ್ದೀರಂತೆ. ನನ್ನ ಗೋಡೆಗೆ ಮಾತ್ರ ದಿನ ಬಿಟ್ಟು ದಿನ ಯಾಕೆ?"

ವಾರೆನ್ ಕರಣೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಕಿವಿ ಗಾರೆಗಿಂತ ಗುಲಾಬಿಯಾಯಿತು.

"ಗೋಡೆಗೆ ವಾರಕ್ಕೊಂದ್ಸಲ ಸಾಕು," ಎಂದ.

"ಮತ್ತೆ?"

"ಮಿಕ್ಕಿದ ದಿನ ಗೋಡೆ ನೋಡೋಕೆ ಬರ್ತಿರ್ಲಿಲ್ಲ."

ಲಿನೆಟ್‌ಳ ಎದೆ ಹೊಡೆದುಕೊಂಡ ಸದ್ದು ಅವಳಿಗೇ ಕೇಳಿಸಿತು. ಎಂಟು ವರ್ಷ ಕಾದು ಕಾದು ಮುಚ್ಚಿಹೋಗಿದ್ದ ಏನೋ ಒಳಗೆ ಸಡಿಲವಾಯಿತು.

"ಅಂದ್ರೆ ನೀನು ಏನೋ ಮುಚ್ಚಿಡ್ತಿದ್ದೀಯ ಅಂತ ನನಗೆ ಅನ್ಸಿದ್ದು ಸರೀನೇ."

"ಸರೀನೇ."

"ಮೊದ್ಲೇ ಹೇಳೋಕೆ ಏನಾಗಿತ್ತು?"

"ನಿನಗೆ ನನ್ನ ಮೇಲೆ ನಂಬಿಕೆ ಬರ್ಲಿ ಅಂತ ಕಾದೆ," ಎಂದ ವಾರೆನ್. "ಆತುರ ಮಾಡಿದ್ರೆ ಉದುರ್ತಿತ್ತು."

ಅವಳು ಹತ್ತಿರ ಬಂದು ಅವನ ಕೆನ್ನೆಯ ಮೇಲಿನ ಗಾರೆಯ ಹನಿಯನ್ನು ಹೆಬ್ಬೆರಳಿನಲ್ಲಿ ಒರೆಸಿದಳು.

"ಇನ್ಮೇಲೆ ಎಷ್ಟು ದಿನಕ್ಕೊಂದ್ಸಲ ಬರ್ತೀಯ?"

"ನೀನೇ ಹೇಳು."

"ದಿನಾ ಬಾ," ಎಂದಳು ಲಿನೆಟ್. "ಗೋಡೆ ಒಣಗಿದ ಮೇಲೂ ಬಾ."